ತೀರ್ಥರೂಪರ ಯೆಜ್ಡಿ

ಬಸವೇಶ್ವರನಗರದ ನಮ್ಮ ಮನೆಯ ಮೆಟ್ಟಿಲಿನಡಿಯಲ್ಲಿ ತೀರ್ಥರೂಪರ ಯೆಜ್ಡಿ ಬೈಕು ಹನ್ನೊಂದು ವರ್ಷ ಸುಮ್ಮನೆ ನಿಂತಿತ್ತು. ಅದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. 1961ರಲ್ಲಿ ಆರಂಭವಾದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಒದ್ದು ಚಾಲೂ ಮಾಡುವ ಲಿವರನ್ನೇ ಮುಂದಕ್ಕೆ ಮಡಚಿ ಗೇರು ಬದಲಿಸುವ ಚಮತ್ಕಾರ ಅದರದು.

ಆರು ವೋಲ್ಟಿನ ಡೈನಮೋ, ಪಾಯಿಂಟ್‌ಗಳನ್ನು ಕಿತ್ತು ಹನ್ನೆರಡು ವೋಲ್ಟಿನ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸೋಣವೆಂದು ಮಗ ಕೇಳಿದಾಗ ನಾನು ಒಪ್ಪಲಿಲ್ಲ. ಪಾಯಿಂಟ್‌ಗಳು ಉರಿದು ಸವೆಯುತ್ತವೆ, ಅವುಗಳ ನಡುವಣ ಅಂತರ ಬದಲಾಗಿ ಕಿಡಿ ಹೊತ್ತು ತಪ್ಪುತ್ತದೆ, ನಿಜ. ಆದರೆ ಭಾನುವಾರಗಳಂದು ತಂದೆಯವರು ಉಪ್ಪುಕಾಗದ ಹಿಡಿದು ಉಜ್ಜುತ್ತಿದ್ದುದು ಅವನ್ನೇ. ದಾನಶಾಸನಗಳ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂದರೆ ಒಡೆದುದನ್ನು, ಬಿರಿದುದನ್ನು ಸರಿಪಡಿಸುವುದು, ಹೊಸತನ್ನು ತುರುಕುವುದಲ್ಲ ಎಂದೆ. (ಮನೆಯಲ್ಲೂ ಪಾಠ ಮಾಡುವುದು ಅಧ್ಯಾಪಕರ ಚಟ.)

“ಅಪ್ಪಾಜಿ, ಚಾವುಂಡರಾಯ ಬಸದಿಯ ಮೇಲಂತಸ್ತು?” ಎಂದ.

ನಾನೇ ಅವನಿಗೆ ಚಂದ್ರಗಿರಿಯಲ್ಲಿ ತೋರಿಸಿದ್ದೆ. ಕೆಳಗೆ ನೇಮಿನಾಥ, ಮೇಲೆ ಪಾರ್ಶ್ವನಾಥ. ಆ ಪಾರ್ಶ್ವನಾಥನ ಪೀಠದ ಶಾಸನ ಚಾವುಂಡರಾಯನ ಮಗ ಜಿನದೇವಣನನ್ನು ಹೆಸರಿಸುತ್ತದೆ. ಮೇಲಂತಸ್ತು ಅವನು ಸೇರಿಸಿದ್ದೆಂದು ವಿದ್ವಾಂಸರ ಮತ. ಇಂದು ನಾವು ಒಂದೇ ಬಸದಿಯೆಂದು ನೋಡುವುದು ತಂದೆ ಮಕ್ಕಳಿಬ್ಬರ ಕೆಲಸವನ್ನು. ಉತ್ತರ ತೋಚಲಿಲ್ಲ. ಸೈಲೆನ್ಸರುಗಳನ್ನು ಮಾತ್ರ ಮುಟ್ಟಕೂಡದೆಂದು ಷರತ್ತು ಹಾಕಿ ಒಪ್ಪಿದೆ.

ಮೊನ್ನೆ ಕೆಂಗೇರಿಯವರೆಗೆ ಹೋಗಿಬಂದೆವು. ಒಂದೇ ಒದೆತಕ್ಕೆ ಎಂಜಿನ್ ಹೊತ್ತಿತು. ತಂದೆಯವರಿಗೆ ಅದೆಂದೂ ಹಾಗೆ ಹೊತ್ತಿದ್ದಿಲ್ಲ. ಅವಳಿ ಸೈಲೆನ್ಸರುಗಳ ಸದ್ದು ಅವರು ಸಂಜೆ ಮನೆಗೆ ಬರುತ್ತಿದ್ದಾಗಿನದೇ. ಹಳೆಯ ಪಾಯಿಂಟ್‌ಗಳು ಈಗ ನನ್ನ ಮೇಜಿನ ಮೇಲಿವೆ.