ಸದ್ದೇ ಹಿಡಿಯದ ಧ್ವನಿಮುದ್ರಣ

ಹಳೆಯ ಧ್ವನಿಮುದ್ರಣ ತಂತ್ರಾಂಶ ಹೊಸ ಆಪರೇಟಿಂಗ್ ಸಿಸ್ಟಂನಲ್ಲಿ ತೆರೆದುಕೊಳ್ಳದಿದ್ದರೆ ಅಂಥ ನಷ್ಟವೇನಿಲ್ಲ. 64 ಬಿಟ್‌ನ ವಿಂಡೋಸ್ 16 ಬಿಟ್‌ನ ಪ್ರೋಗ್ರಾಂಗಳನ್ನು ನಡೆಸುವುದಿಲ್ಲ. 2019ರಲ್ಲಿ ಬಂದ ಮ್ಯಾಕ್‌ಓಎಸ್ ಕ್ಯಾಟಲಿನಾ 32 ಬಿಟ್‌ನವನ್ನೂ ಕೈಬಿಟ್ಟಿತು. ಬೇರೆ ಆವೃತ್ತಿ ಹುಡುಕಿಕೊಂಡರಾಯಿತು. ಅಪಾಯವಿರುವುದು ಚೆನ್ನಾಗಿ ತೆರೆದುಕೊಂಡು, ಕೆಲಸ ಮಾಡುವಂತೆ ಕಂಡು, ಏನನ್ನೂ ಹಿಡಿಯದ ತಂತ್ರಾಂಶದಲ್ಲಿ.

ಆಡಾಸಿಟಿಯನ್ನೇ ನೋಡಬಹುದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ, 2000ದಲ್ಲಿ ಹೊರಬಂದ ಈ ಉಚಿತ ತಂತ್ರಾಂಶವನ್ನು ಬಳಸದ ಹವ್ಯಾಸಿಗಳು ಕಡಿಮೆ. ಕ್ಯಾಟಲಿನಾ ಬಂದಾಗ, ಆಗಿನ ಆಡಾಸಿಟಿಯಲ್ಲಿ ಮೈಕ್‌ಗೆ ಅನುಮತಿ ಕೇಳುವ ಪ್ರಶ್ನೆಯೇ ತೆರೆಯ ಮೇಲೆ ಬರಲಿಲ್ಲ. ಕೆಂಪು ಗುಂಡಿ ಒತ್ತಿದರೆ ಟ್ರ್ಯಾಕ್ ಬಲಕ್ಕೆ ಬೆಳೆಯುತ್ತ ಹೋಗುತ್ತಿತ್ತು, ಸೆಕೆಂಡುಗಳು ಓಡುತ್ತಿದ್ದವು; ಅಲೆ ಏಳಬೇಕಾದ ಕಡೆ ಉದ್ದಕ್ಕೂ ಒಂದು ನೇರ ಗೆರೆ. ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ ಮೂಲಕ ಆಡಾಸಿಟಿಯನ್ನು ತೆರೆದರೆ ಮಾತ್ರ ಅನುಮತಿಯ ಪ್ರಶ್ನೆ ಬಂದು, ಸದ್ದು ಒಳಗೆ ಸೇರುತ್ತಿತ್ತು.

ವಿಂಡೋಸ್ 10 ಕೂಡ 2018ರ ಏಪ್ರಿಲ್ ಅಪ್‌ಡೇಟ್‌ನಿಂದ ಹಳೆಯ ಡೆಸ್ಕ್‌ಟಾಪ್ ತಂತ್ರಾಂಶಗಳನ್ನು ಮೈಕ್‌ನ ಪ್ರೈವೆಸಿ ಸೆಟ್ಟಿಂಗ್‌ನ ಅಡಿಗೆ ತಂದಿತು. ಅಲ್ಲಿ ಅನುಮತಿ ಇಲ್ಲದಿದ್ದರೆ ಆಡಾಸಿಟಿ, ಸಾಧನ ತೆರೆಯಲಾಗಲಿಲ್ಲ, ಬೇರೆ ಸಾಧನ ಆರಿಸಿ, ಸ್ಯಾಂಪಲ್ ರೇಟ್ ಬದಲಿಸಿ ಎನ್ನುತ್ತಿತ್ತು. ಅನುಮತಿಯ ಸುದ್ದಿಯೇ ಅದರಲ್ಲಿಲ್ಲ. ಅದನ್ನು ನಂಬಿದವರು ಕೇಬಲ್ ಬದಲಿಸುತ್ತಾರೆ, ಡ್ರೈವರ್ ಮತ್ತೆ ಹಾಕುತ್ತಾರೆ, ಸರಿಯಿರುವ ಮೈಕನ್ನು ರಿಪೇರಿಗೂ ಒಯ್ಯುತ್ತಾರೆ.

ಅನುಮತಿ ಕೇಳುವ ನಿಯಮ ಸರಿಯಾದದ್ದೇ; ಮನೆಯ ಮಾತನ್ನು ಕಂಡಕಂಡ ತಂತ್ರಾಂಶವೆಲ್ಲ ಕೇಳಿಸಿಕೊಳ್ಳಬಾರದು. ಆದರೆ ತಡೆದ ಮೇಲೆ ತಡೆದಿದ್ದೇನೆ ಎಂದು ಹೇಳದಿರುವುದು ದೊಡ್ಡ ತಪ್ಪು. ಕಚೇರಿಯ ಸಭೆಯನ್ನು ಮತ್ತೆ ಕರೆಯಬಹುದು. ಎಂಬತ್ತು ದಾಟಿದ ಅಜ್ಜಿ ಒಂದು ಮಧ್ಯಾಹ್ನ ಮನಸ್ಸು ಬಂದು ಹಾಡಿದ ಸೋಬಾನೆ ಪದ ಮರುದಿನ ಅದೇ ದನಿಯಲ್ಲಿ ಬರುವುದಿಲ್ಲ. ಕೆಲವೊಮ್ಮೆ ಮರುದಿನವೇ ಇರುವುದಿಲ್ಲ. ಅರ್ಧ ಗಂಟೆಯ ಮೌನವನ್ನು ಫೈಲ್ ಮಾಡಿ ಉಳಿಸಿಕೊಡುವ ಯಂತ್ರದ ಮೇಲೆ ಸಿಟ್ಟು ಬರುವುದು ಸಹಜ.

1902ರಲ್ಲಿ ಕಲ್ಕತ್ತದಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನ್ ಕಂಪನಿಗೆ ಹಾಡಿದಾಗ ಮೈಕೂ ಇರಲಿಲ್ಲ, ಅನುಮತಿಯೂ ಬೇಕಿರಲಿಲ್ಲ. ಕೊಳವೆಯ ಬಾಯಿಗೆ ಗಟ್ಟಿಯಾಗಿ ಹಾಡಬೇಕಿತ್ತು. ಮೇಣದ ಮೇಲೆ ಗೀರು ಬೀಳುತ್ತಿತ್ತು. ತಟ್ಟೆಗಳನ್ನು ಅಚ್ಚೊತ್ತುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರ್‌ನಲ್ಲಿ. ಯಾರ ಹಾಡೆಂದು ಅಲ್ಲಿಯವರಿಗೆ ತಿಳಿಯಲೆಂದು ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಿದ್ದರು. ಮುಂದೆ ಮೈಸೂರಿನ ಅರಮನೆಯ ಆಶ್ರಯ ಪಡೆದ ಆಕೆ 1930ರಲ್ಲಿ ಆ ಊರಿನಲ್ಲೇ ತೀರಿಕೊಂಡರು. ಆ ತಟ್ಟೆಗಳಲ್ಲಿ ಹಾಡಿನಷ್ಟೇ ಆ ಹೆಸರೂ ಉಳಿದಿದೆ.

ಹಳೆಯ ತಂತ್ರಾಂಶವನ್ನೇ ನೆಚ್ಚಿಕೊಂಡವರು ಹೆಸರು ಹೇಳುವ ಈ ಪದ್ಧತಿಯನ್ನು ತುಸು ಬದಲಿಸಿ ಪಾಲಿಸಬೇಕು. ಹಾಡುವವರ ಹೆಸರು, ಊರು, ತಾರೀಕನ್ನು ಮೊದಲಿಗೇ ಮೈಕ್‌ಗೆ ಹೇಳಿ, ನಿಲ್ಲಿಸಿ, ಮರಳಿ ಕೇಳಿ. ಅದು ಕೇಳಿಸಿದರೆ ಮಾತ್ರ ಹಾಡು ಶುರು ಮಾಡಿಸಿ.