ಸಾದಾ ಉಕ್ಕಿಗೆ ಸ್ಟೇನ್‌ಲೆಸ್ ಬೆಸೆಯುವ ಕಡ್ಡಿ
ಶಿರಗುಪ್ಪಿ, ಉಗಾರ ಸೀಮೆಯಂಥ ಕಬ್ಬಿನ ನಾಡಿನ ಸಕ್ಕರೆ ಕಾರ್ಖಾನೆಗಳಲ್ಲಿ, ಕಬ್ಬಿನ ಹಾಲು ತಾಗುವ ಸ್ಟೇನ್‌ಲೆಸ್ ತಗಡನ್ನು ಎಂ.ಎಸ್. ಎಂದು ಕರೆಯಲಾಗುವ ಸಾದಾ ಉಕ್ಕಿನ ಚೌಕಟ್ಟಿಗೆ ಬೆಸೆಯುವ ಸಂದರ್ಭ ಬಂದಾಗ, ಕಡ್ಡಿಯ ಆಯ್ಕೆಯೇ ಬೆಸುಗೆಯ ಆಯುಷ್ಯವನ್ನು ನಿರ್ಧರಿಸುತ್ತದೆ. ಸಾದಾ ಉಕ್ಕಿಗೆಂದೇ ಇರುವ, ಕೈಗೆ ಸಿಕ್ಕ 6013 ಕಡ್ಡಿಯನ್ನು ಬಳಸಿದರೆ, ಸ್ಟೇನ್‌ಲೆಸ್‌ನಿಂದ ಕರಗಿ ಬಂದ ಕ್ರೋಮಿಯಂ ಮತ್ತು ನಿಕ್ಕಲ್ ಬೆರೆತು, ಮಾರ್ಟೆನ್ಸೈಟ್ ಎಂಬ ಗಡಸಾದ, ಸುಲಭವಾಗಿ ಬಿರುಕು ಬಿಡುವ ಒಳರಚನೆ ಮೂಡುತ್ತದೆ. ಸುಮಾರು ಶೇ. 20 ಕ್ರೋಮಿಯಂ, ಶೇ. 10 ನಿಕ್ಕಲ್ ಉಳ್ಳ 308 ಕಡ್ಡಿಯೂ ಇಲ್ಲಿ ಸಾಲದು. ಸಾದಾ ಉಕ್ಕು ಕರಗಿ ಸೇರಿದಂತೆಲ್ಲ ಆ ಪ್ರಮಾಣ ತಗ್ಗುತ್ತದೆ. ಈ ಇಳಿಕೆಯನ್ನು ಮೊದಲೇ ಲೆಕ್ಕ ಹಿಡಿದು, ಶೇ. 23ರಷ್ಟು ಕ್ರೋಮಿಯಂ, ಶೇ. 13ರಷ್ಟು ನಿಕ್ಕಲ್ ಮತ್ತು ಕಡಿಮೆ ಇಂಗಾಲ ಇರುವಂತೆ ರೂಪಿಸಿದ 309ಎಲ್ ಕಡ್ಡಿಯೇ ಸರಿಯಾದುದು. ಬೆಲೆ ಹೆಚ್ಚೆಂಬುದು ನಿಜ. ಆದರೆ ಹಂಗಾಮಿನ ನಡುವೆ ಬೆಸುಗೆ ಸೀಳಿ ಕಬ್ಬು ನುರಿಸುವುದೇ ನಿಂತರೆ ಆಗುವ ನಷ್ಟದೆದುರು ಅದು ಅತ್ಯಲ್ಪ.