ಎರಡನೆಯ ಪಿಟೀಲು

ನನ್ನ ತಂದೆ ಪಿಟೀಲು ವಿದ್ವಾಂಸರು. ವಿದ್ವಾಂಸರೆಂದ ಕೂಡಲೇ ಓದುಗರು ಜರಿಶಾಲು, ಬಿರುದು, ಸನ್ಮಾನಪತ್ರಗಳನ್ನು ಕಣ್ಣಮುಂದೆ ತಂದುಕೊಳ್ಳಬಾರದು. ಅವರು ಜೀವಮಾನವೆಲ್ಲ ನುಡಿಸಿದ್ದು ಪಕ್ಕವಾದ್ಯ. ರಾಮನವಮಿಯ ಚಪ್ಪರವಿರಲಿ, ಮದುವೆಮನೆಯ ಹಜಾರವಿರಲಿ, ಎಲ್ಲಿ ಹಾಡುವವರಿದ್ದರೋ ಅಲ್ಲಿ ಅವರ ಪಕ್ಕದಲ್ಲಿ ನಮ್ಮ ತಂದೆ ಇರುತ್ತಿದ್ದರು. ಮೈಸೂರಿನಲ್ಲಿ ಅದೇನೂ ಕೀಳು ಸಂಗತಿಯಲ್ಲ. ಏಳು ತಂತಿಯ ಪಿಟೀಲಿನ ಚೌಡಯ್ಯನವರ ಊರದು. ಹಾಡುವವರಾರೆಂದು ವಿಚಾರಿಸುವ ಮೊದಲೇ "ಪಿಟೀಲು ಯಾರದು?" ಎಂದು ಕೇಳುವ ರಸಿಕರು ನಮ್ಮ ಬೀದಿಯಲ್ಲಿಯೇ ಇದ್ದರು. ಕಚೇರಿಯ ದಿನ ಪಿಟೀಲಿನ ಪೆಟ್ಟಿಗೆಯನ್ನು ಹೊತ್ತು ತಂದೆಯ ಹಿಂದೆ ನಡೆಯುವುದು ನನ್ನ ಹಕ್ಕು. ತಮ್ಮಂದಿರು ಮುಟ್ಟಿದರೆ ಜಗಳವೇ ಆಗುತ್ತಿತ್ತು.

ಇದು 1963ರ ಮಾತು. ನಾನಾಗ ಎಸ್.ಎಸ್.ಎಲ್.ಸಿ. ತರಗತಿಯಲ್ಲಿದ್ದೆ. 'ನನ್ನ ತಂದೆ' ಎಂಬ ವಿಷಯವಾಗಿ ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಬರೆಯಬೇಕಾಯಿತು. ಯಾವುದೋ ಪತ್ರಿಕೆಯಲ್ಲಿ 'ಪ್ಲೇ ಸೆಕೆಂಡ್ ಫಿಡಲ್' ಎಂಬ ಮಾತು ನನ್ನ ಕಣ್ಣಿಗೆ ಬಿದ್ದಿತ್ತು. ನಿಘಂಟು ತೆಗೆದು ನೋಡಿದೆ. ಫಿಡಲ್ ಎಂದರೆ ಪಿಟೀಲು. ಸೆಕೆಂಡ್ ಎಂದರೆ ಎರಡನೆಯದು. ಕಚೇರಿಯಲ್ಲಿ ಮೊದಲನೆಯವರು ಗಾಯಕರಾದರೆ ಎರಡನೆಯವರು ನಮ್ಮ ತಂದೆಯೇ ತಾನೆ! ಹಿಂದುಮುಂದು ನೋಡದೆ 'ಮೈ ಫಾದರ್ ಪ್ಲೇಸ್ ಸೆಕೆಂಡ್ ಫಿಡಲ್ ಟು ಆಲ್ ದಿ ಗ್ರೇಟ್ ಸಿಂಗರ್ಸ್ ಆಫ್ ಮೈಸೂರ್' ಎಂದು ಬರೆದುಬಿಟ್ಟೆ. ಇಂಥ ವಾಕ್ಯವನ್ನು ನಮ್ಮ ತರಗತಿಯಲ್ಲಿ ಯಾರೂ ಬರೆದಿರಲಾರರೆಂಬ ಹೆಮ್ಮೆಯೂ ಆಯಿತು.

ಮೇಷ್ಟ್ರು ಅದನ್ನು ತರಗತಿಗೆಲ್ಲ ಕೇಳುವಂತೆ ಓದಿದರು. ಅದು ನುಡಿಗಟ್ಟೆಂದೂ, ಸ್ವಂತ ಸತ್ತ್ವವಿಲ್ಲದೆ ಇನ್ನೊಬ್ಬರ ಕೆಳಗೆ ನಡೆದುಕೊಳ್ಳುವವನಿಗೆ ಹಾಗೆನ್ನುವರೆಂದೂ ವಿವರಿಸಿ, "ಹುಡುಗ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದಾನೆ, ಬಿಡಿ" ಎಂದರು. ನಲವತ್ತು ಹುಡುಗರು ನಕ್ಕರು.

ಆ ಶನಿವಾರ ತಂದೆಗೆ ಕಚೇರಿ ಇತ್ತು. ಅವರು ಪಂಚೆ ಉಟ್ಟು, ಉತ್ತರೀಯ ಹೊದ್ದು ಬಾಗಿಲಲ್ಲಿ ನಿಂತು ನನ್ನನ್ನು ಕರೆದರು. "ಪಾಠ ಇದೆ ಅಣ್ಣ" ಎಂದೆ. (ನಾವು ತಂದೆಯನ್ನು 'ಅಣ್ಣ' ಎಂದೇ ಕರೆಯುತ್ತಿದ್ದೆವು.) ಅವರು ಏನೂ ಹೇಳದೆ ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡು ನಡೆದರು. ಮರುವಾರವೂ ನನಗೆ ಪಾಠವಿತ್ತು. ಅದರ ಮರುವಾರವೂ ಇತ್ತು.

ನನಗೆ ಇಂಗ್ಲಿಷ್ ತೊಡಕಾಗಿದೆಯೆಂದು ತಾಯಿ ಬಗೆದು, ಎದುರುಮನೆಯ ಬ್ಯಾಂಡ್ ತಾತನ ಬಳಿಗೆ ಕಳುಹಿಸಿದರು. ಅರಮನೆಯ ಇಂಗ್ಲಿಷ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸಿ ನಿವೃತ್ತರಾಗಿದ್ದ ವೃದ್ಧರು ಅವರು. ದೃಷ್ಟಿ ಮಂದವಾಗಿತ್ತು. ನಾನು ಪತ್ರಿಕೆ ಓದಿ ಹೇಳಬೇಕು, ಅವರು ನನಗೆ ಇಂಗ್ಲಿಷ್ ಕಲಿಸಬೇಕು, ಇದು ಒಪ್ಪಂದ. ವ್ಯಾಕರಣದ ಗೋಜಿಗೆ ಅವರು ಹೋದವರೇ ಅಲ್ಲ. ಅವರ ಇಂಗ್ಲಿಷೆಲ್ಲ ಬ್ಯಾಂಡ್ ಮಾಸ್ತರರ ಬಾಯಿಂದ, ಗ್ರಾಮಫೋನ್ ರಿಕಾರ್ಡುಗಳ ಹೊದಿಕೆಯಿಂದ ಬಂದದ್ದು. ಒಂದು ಮಾತು ಸಿಕ್ಕಿದರೆ ಅದರ ಹಿಂದಿರುವ ವಾದ್ಯವನ್ನೋ, ವಾದಕನನ್ನೋ ಎಳೆದು ತಂದು ನನ್ನ ಮುಂದೆ ಕೂರಿಸುತ್ತಿದ್ದರು.

ಮೊದಲ ದಿನವೇ 'ಪುಲ್ ಔಟ್ ಆಲ್ ದಿ ಸ್ಟಾಪ್ಸ್' ಎಂಬುದು ಬಂತು. ಶಕ್ತಿಯನ್ನೆಲ್ಲ ಧಾರೆಯೆರೆದು ಕೆಲಸ ಮಾಡು ಎಂದು ಅರ್ಥ. ಸ್ಟಾಪ್ ಎಂದರೆ ನಿಲ್ಲಿಸುವುದಲ್ಲವೆ, ಇದು ಹೇಗೆಂದು ಕೇಳಿದೆ. ತಾತ ಎದ್ದು ಮೂಲೆಯಲ್ಲಿದ್ದ ನಾಟಕದ ಕಂಪನಿಯ ಹಳೆಯ ಹಾರ್ಮೋನಿಯಂ ತಂದರು. ಮುಂದಿನ ಗುಂಡಿಗಳೆಲ್ಲ ಒಳಗಿದ್ದಾಗ ತಿದಿಯೊತ್ತಿದರೆ ಉಸಿರು ಕಟ್ಟಿದಂತೆ ಸಣ್ಣ ದನಿ. ಒಂದೊಂದೇ ಗುಂಡಿಯನ್ನು ಹೊರಗೆಳೆದಂತೆ ದನಿ ತುಂಬಿಕೊಂಡು ಬಂತು. "ಇಗರ್ಜಿಯ ಆರ್ಗನ್ನಿನಲ್ಲೂ ಹೀಗೆಯೇ ಮರಿ. ಗುಂಡಿ ಒಳಗಿದ್ದರೆ ಆ ಸಾಲಿನ ಕೊಳವೆಗಳಿಗೆ ಗಾಳಿ ನಿಂತಿರುತ್ತದೆ, ಎಳೆದರೆ ಬಿಡುಗಡೆ" ಎಂದರು. ಆಮೇಲೆ ಜರ್ಮನಿಯ ಬಾಖನ ಕಥೆ. ಹೊಸ ಆರ್ಗನ್ನುಗಳನ್ನು ಪರೀಕ್ಷಿಸಲು ಊರೂರಿನವರು ಅವನನ್ನು ಕರೆಸುತ್ತಿದ್ದರು. ಹೋದೊಡನೆ ಅವನು ಗುಂಡಿಗಳನ್ನೆಲ್ಲ ಎಳೆದು ಭರ್ಜರಿಯಾಗಿ ನುಡಿಸುವನು. ಈ ವಾದ್ಯಕ್ಕೆ ಶ್ವಾಸಕೋಶ ಚೆನ್ನಾಗಿದೆಯೇ ಎಂಬುದನ್ನು ಮೊದಲು ನೋಡಬೇಕೆಂದು ತಮಾಷೆ ಮಾಡುವನು. ಇದನ್ನು ತಿಳಿಸಿದವನು ಅವನ ಮಗನೇ. ಆ ನುಡಿಗಟ್ಟನ್ನು ನಾನು ಮತ್ತೆ ಮರೆಯಲಿಲ್ಲ.

ಹೀಗೆ ನೋಟುಪುಸ್ತಕ ತುಂಬುತ್ತ ಬಂತು. 'ಸ್ಕೋರ್' ಎಂದರೆ ಮೂಲದಲ್ಲಿ ಕೋಲಿನ ಮೇಲೆ ಕೊರೆದ ಗೀಟು; ಲೆಕ್ಕಕ್ಕೆ ಗೀಟು ಹಾಕುತ್ತಿದ್ದುದರಿಂದ ಅದಕ್ಕೆ ಇಪ್ಪತ್ತು ಎಂಬ ಅರ್ಥವೂ ಬಂತು, ಆಟದ ಸ್ಕೋರೂ ಬಂತು; ಹಲವು ವಾದ್ಯಗಳ ಸ್ವರಸಾಲುಗಳನ್ನು ಗೀಟೆಳೆದು ಒಂದುಗೂಡಿಸಿದ ಬರಹಕ್ಕೂ ಅದೇ ಹೆಸರಾಯಿತು. 'ಕ್ರೆಸೆಂಡೊ' ಇಟಾಲಿಯನ್ ಮಾತು, ಬೆಳೆಯುತ್ತ ಹೋಗುವುದೆಂದು ಅರ್ಥ. ಬಿದಿಗೆಯ ಚಂದ್ರನಿಗೆ ಇಂಗ್ಲಿಷರು ಹೇಳುವ 'ಕ್ರೆಸೆಂಟ್' ಅದರ ದಾಯಾದಿ. ಮುಂದೆ ನಾನೂ ಇಂಗ್ಲಿಷ್ ಮೇಷ್ಟ್ರಾಗಿ ಮೂವತ್ತು ವರ್ಷ ದುಡಿದೆ. ಗದ್ದಲವು 'ಕ್ರೆಸೆಂಡೊ ತಲುಪಿತು' ಎಂದು ಪತ್ರಿಕೆಗಳು ಬರೆದಾಗ ಇಂದಿಗೂ ನನ್ನ ಕೈ ಕೆಂಪು ಶಾಯಿಗೆ ತಡಕಾಡುತ್ತದೆ. ಏರುವ ದಾರಿಯನ್ನೇ ಶಿಖರವೆಂದರೆ ಹೇಗೆ?

'ಸ್ವಾನ್ ಸಾಂಗ್' ಬಂದ ದಿನ ತಾತ ಪಾಠವನ್ನೇ ಮರೆತರು. ನಮ್ಮ ಹಂಸ ಹಾಲನ್ನು ಕುಡಿದು ನೀರನ್ನು ಬಿಡುತ್ತದೆ. ಗ್ರೀಕರ ಹಂಸ ಸಾಯುವ ಮುನ್ನ ಹಾಡುತ್ತದೆ. ವಿಷ ಕುಡಿಯಬೇಕಾದ ದಿನ ಸಾಕ್ರಟೀಸನು ಆ ಹಂಸಗಳ ಪ್ರಸ್ತಾಪ ಮಾಡಿದನೆಂದು ಪ್ಲೇಟೋ ಬರೆದಿದ್ದಾನೆ. ಷೂಬರ್ಟನು 1828ರಲ್ಲಿ ತೀರಿಕೊಂಡಾಗ ಅವನ ಕಡೆಯ ಗೀತೆಗಳನ್ನು ಪ್ರಕಾಶಕನು 'ಹಂಸಗೀತೆ' ಎಂದು ತಾನೇ ಹೆಸರಿಟ್ಟು ಅಚ್ಚುಹಾಕಿಸಿದ. ಅಲ್ಲಿಂದ ತಾತ ಒಂದೇ ನೆಗೆತಕ್ಕೆ ನಮ್ಮ ಅರಮನೆಗೆ ಬಂದರು. ರಿಚರ್ಡ್ ಸ್ಟ್ರಾಸನ 'ನಾಲ್ಕು ಕಡೆಯ ಗೀತೆಗಳು' ಅವನು ಸತ್ತ ಮರುವರ್ಷ, 1950ರ ಮೇ 22ರಂದು, ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದವು. ಆ ಕಚೇರಿಯ ಖರ್ಚಿಗೆ ಹೊಣೆ ನಿಂತವರು ನಮ್ಮ ಜಯಚಾಮರಾಜ ಒಡೆಯರು! ಅಂದಿನ ಧ್ವನಿಮುದ್ರಣ ಅವರಿಗಾಗಿ ಮೈಸೂರಿಗೆ ಬಂತು. "ಜರ್ಮನಿಯ ಹಂಸ ಲಂಡನ್ನಿನಲ್ಲಿ ಹಾಡಿತು. ಕಾಸು ಕೊಟ್ಟದ್ದು ಮೈಸೂರು ಕಣಯ್ಯ" ಎಂದು ತಾತ ತೊಡೆ ತಟ್ಟಿಕೊಂಡರು.

ಒಂದು ಮಾತನ್ನು ಮಾತ್ರ ನಾನು ನೋಟುಪುಸ್ತಕದ ಹತ್ತಿರಕ್ಕೂ ತಂದಿರಲಿಲ್ಲ. ತಾನಾಗಿಯೇ ಅದು ಬಂತು. ರೋಮ್ ಉರಿಯುತ್ತಿದ್ದಾಗ ನೀರೋ ಪಿಟೀಲು ಬಾರಿಸಿದನೆಂಬ ಗಾದೆಯನ್ನು ನಾನು ಓದಿದೆ. ತಾತ ನಕ್ಕು, ನೀರೋನ ಕಾಲಕ್ಕೆ ಪಿಟೀಲೆಲ್ಲಿತ್ತು, ಅದು ಇಟಲಿಯಲ್ಲಿ ಹುಟ್ಟಿದ್ದೇ ಹದಿನಾರನೆಯ ಶತಮಾನದಲ್ಲಿ ಎಂದರು. ಅರಮನೆಗಳಲ್ಲಿ ವಯೊಲಿನ್ ಎನಿಸಿಕೊಂಡದ್ದೇ ಸಂತೆ ಜಾತ್ರೆಗಳ ಕುಣಿತದಲ್ಲಿ ಫಿಡಲ್, ವಾದ್ಯ ಒಂದೇ. ಆದರೂ ಇಂಗ್ಲಿಷಿನಲ್ಲಿ ಸುಳ್ಳು ಲೆಕ್ಕ ಬರೆಯುವುದಕ್ಕೂ ಫಿಡಲ್ ಎನ್ನುತ್ತಾರೆ, ಗಟ್ಟಿಮುಟ್ಟಾದ ಆರೋಗ್ಯಕ್ಕೂ ಫಿಡಲನ್ನೇ ಹೋಲಿಸುತ್ತಾರೆ.

"ಹಾಗಾದರೆ ಸೆಕೆಂಡ್ ಫಿಡಲ್?" ಎಂದೆ. ನನ್ನ ದನಿ ಹೇಗಿತ್ತೋ, ತಾತ ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಡಲು ಹೇಳಿದರು. ನಾನು ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಮೇಷ್ಟ್ರನ್ನು ಬೈಯಲಿಲ್ಲ. ಅರ್ಥವೇನೋ ಮೇಷ್ಟ್ರು ಹೇಳಿದ್ದೇ ಸರಿ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ವಿಯೆನ್ನಾದ ಒಂದು ಸಂಜೆಯನ್ನು ಹೇಳತೊಡಗಿದರು. 1784ನೆಯ ಇಸವಿ. ಒಂದು ಮನೆಯ ಕೂಟದಲ್ಲಿ ನಾಲ್ವರು ಕುಳಿತು ಚತುರ್ವಾದ್ಯ ನುಡಿಸಿದರು. ಮೊದಲ ಪಿಟೀಲು ಹೇಡನ್ನನದು. ಒಳಗಿನ ದನಿಯಾದ ವಯೊಲಾವನ್ನು ಹಿಡಿದವನು ಮೊಟ್ಸಾರ್ಟ್. ವಾನ್‌ಹಾಲನದು ಚೆಲ್ಲೊ. ಎರಡನೆಯ ಪಿಟೀಲು ಹಿಡಿದು ಕೂತವನು ಡಿಟ್ಟರ್ಸ್‌ಡಾರ್ಫ್. ಆ ಕಾಲದ ಹೆಸರಾಂತ ಪಿಟೀಲುವಾದಕ, ರಾಶಿ ಸಿಂಫನಿಗಳನ್ನು ರಚಿಸಿದವನು. ಕೇಳುಗರಲ್ಲಿದ್ದ ಐರ್ಲೆಂಡಿನ ಗಾಯಕ ಮೈಕೆಲ್ ಕೆಲಿ ಇದನ್ನು ತನ್ನ ನೆನಪುಗಳಲ್ಲಿ ಬರೆದಿಟ್ಟಿದ್ದಾನೆ. "ಆ ನಾಲ್ವರಲ್ಲಿ ಯಾರು ಯಾರಿಗೆ ಆಳಯ್ಯ?" ಎಂದು ತಾತ ಕೇಳಿದರು. ಇಂಥ ಸಂಗೀತವನ್ನು ಕೇಳುವುದೆಂದರೆ ನಾಲ್ವರು ವಿವೇಕಿಗಳ ಸಂಭಾಷಣೆಯನ್ನು ಆಲಿಸಿದಂತೆ ಎಂದು ಗಯಟೆ ಕವಿ ಮಿತ್ರನಿಗೆ ಬರೆದಿದ್ದನೆಂಬುದನ್ನೂ ಹೇಳಿದರು. ನನಗೆ ಗಯಟೆಗಿಂತ ಡಿಟ್ಟರ್ಸ್‌ಡಾರ್ಫನೇ ಹೆಚ್ಚು ಹಿಡಿಸಿದ. ಹೆಸರು ಬಾಯಿಗೆ ಬಾರದಿದ್ದರೂ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಮನೆಗೆ ಬಂದೆ.

ಮರುದಿನ ಸಂಜೆ ತಾತ ನಮ್ಮ ತಂದೆಯನ್ನು ಕಾಫಿಗೆ ಕರೆದರು. ಹೇಡನ್ನನ ಒಂದು ಚತುರ್ವಾದ್ಯದ ರಿಕಾರ್ಡನ್ನು ಹಾಕಿದರು. ತಂದೆ ಪರಂಗಿ ಸಂಗೀತವನ್ನು ಕುಳಿತು ಕೇಳಿದವರಲ್ಲ. ಮೊದಲು ಸೌಜನ್ಯಕ್ಕೆಂದು ತಲೆಯಾಡಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ತಲೆ ನಿಂತಿತು. ಎಡಗೈಯ ಬೆರಳುಗಳು ಮೊಣಕಾಲ ಮೇಲೆ ಚಲಿಸತೊಡಗಿದವು. ನಾನು ದಿಟ್ಟಿಸಿ ನೋಡಿದೆ. ಮೇಲೆ ಹಾರಾಡುತ್ತಿದ್ದ ಪಿಟೀಲಿಗೂ ಆ ಬೆರಳುಗಳಿಗೂ ಸಂಬಂಧವಿರಲಿಲ್ಲ. ಅದರ ಕೆಳಗೆ, ನನಗೆ ಅದುವರೆಗೆ ಕೇಳಿಸದೇ ಇದ್ದ ಮತ್ತೊಂದು ಪಿಟೀಲನ್ನು ಅವು ಹಿಂಬಾಲಿಸುತ್ತಿದ್ದವು.

ಮುಳ್ಳು ಎತ್ತಿದ ಮೇಲೆ ತಂದೆ ಕೇಳಿದರು: "ಸ್ವಾಮಿ, ಆ ಒಳಗಿನ ಪಿಟೀಲು ನುಡಿಸಿದವರ ಹೆಸರೇನು?"

ತಾತ ಹೊದಿಕೆಯನ್ನು ನನ್ನ ಕೈಗಿತ್ತರು. ಹಿಂದುಮುಂದು ತಿರುವಿ ನೋಡಿದೆ. ವೃಂದದ ಹೆಸರಿತ್ತು; ನಾಲ್ವರ ಹೆಸರುಗಳಿರಲಿಲ್ಲ.

"ಹೋಗಲಿ, ಇನ್ನೊಂದು ಸಲ ಹಾಕಿ" ಎಂದರು ತಂದೆ.

ಪ್ರಬಂಧದ ಸಂಗತಿಯನ್ನು ನಾನು ಅವರಿಗೆ ಕಡೆಯವರೆಗೂ ಹೇಳಲಿಲ್ಲ. ತಾತ ಹೇಳಿದರೋ ಇಲ್ಲವೋ ತಿಳಿಯದು. ಆ ಶನಿವಾರ ನಂಜನಗೂಡಿನಲ್ಲಿ ಕಚೇರಿ. ತಂದೆ ಪಂಚೆ ಉಟ್ಟು ಹೊರಬರುವ ವೇಳೆಗೆ ನಾನು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ಇವತ್ತು ಪಾಠ ಇಲ್ಲವೇನೋ?" ಎಂದರು.

"ಇಲ್ಲ ಅಣ್ಣ" ಎಂದೆ.